ಲೆಡ್ಜರ್ ಮುಖ ನೋಡುವುದಕ್ಕಾದರೂ ಈ ಡಿಸ್ಕ್ ಕೊಳ್ಳಿ

ಬ್ಯಾಟ್‌ಮ್ಯಾನ್ ಸಿನಿಮಾ ‘ದ ಡಾರ್ಕ್ ನೈಟ್’ನ 4ಕೆ (ಬ್ಲೂ-ರೇಗಿಂತ ಸ್ಪಷ್ಟ ಚಿತ್ರದ) ಡಿಸ್ಕ್ ಸೆಟ್ ಬಂದಿದ್ದು 2017ರ ಕೊನೆಯಲ್ಲಿ. ನಾನು ಕೊಂಡಿದ್ದು ತಡವಾಗಿ, ಮನೆಗೆ ಒಳ್ಳೆಯ ಟಿವಿ ಬಂದ ಮೇಲೆ. ಪೆಟ್ಟಿಗೆಯಲ್ಲಿ ಮೂರು ಡಿಸ್ಕ್ ಇವೆ. ಒಂದು 4ಕೆ, ಇನ್ನೊಂದು ಮಾಮೂಲಿ ಬ್ಲೂ-ರೇ, ಮತ್ತೊಂದರಲ್ಲಿ ಶೂಟಿಂಗ್ ಹೇಗೆ ನಡೆಯಿತು ಅನ್ನುವ ವಿಡಿಯೋಗಳು. ಹೊರದೇಶದಿಂದ ತರಿಸಿದ್ದು, ಬೆಲೆ ಜಾಸ್ತಿಯೇ. ಆದರೂ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಕಾರಣ ಹೀರೋ ಬ್ಯಾಟ್‌ಮ್ಯಾನ್ ಅಲ್ಲ, ಅವನ ಶತ್ರು ಜೋಕರ್, ಆ ಪಾತ್ರ ಮಾಡಿದ ಹೀತ್ ಲೆಡ್ಜರ್.

ನಾನು ಶಿವಮೊಗ್ಗದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ. ಬೆಳಗಿನಿಂದ ರಾತ್ರಿವರೆಗೆ ಮುಖಗಳನ್ನೇ ನೋಡುವ ಕೆಲಸ. ಲೈಟಿನ ಬಿಸಿಗೆ ಮೇಕಪ್ ಮೊದಲು ಎಲ್ಲಿ ಒಡೆಯುತ್ತದೆ, ಬೆವರು ಎಲ್ಲಿ ಇಣುಕುತ್ತದೆ ಅನ್ನುವುದು ಕಣ್ಣಿಗೆ ತಾನಾಗಿಯೇ ಬೀಳುತ್ತದೆ. ಅದಕ್ಕೇ ನಾನು ಜಾಸ್ತಿ ಹೊತ್ತು ಕಳೆದಿದ್ದು ಪೊಲೀಸ್ ಠಾಣೆಯ ವಿಚಾರಣೆ ದೃಶ್ಯದಲ್ಲಿ. ಮೊದಲು ಕತ್ತಲು, ಜೋಕರ್ ಮುಖ ಅರ್ಧಂಬರ್ಧ ಕಾಣುತ್ತದೆ. ಆಮೇಲೆ ಒಮ್ಮೆಲೇ ಲೈಟು ಹತ್ತುತ್ತದೆ, ಹಿಂದೆ ಬ್ಯಾಟ್‌ಮ್ಯಾನ್ ನಿಂತಿರುತ್ತಾನೆ. ಆ ಬೆಳಕಲ್ಲಿ ಹೀತ್ ಲೆಡ್ಜರ್ ಹಣೆ ನೋಡಿ. ಬಿಳಿ ಬಣ್ಣ ಸುಕ್ಕುಗಳಲ್ಲಿ ಬಿರಿದಿದೆ, ಬಿರಿದ ಕಡೆ ಚರ್ಮ ಕಾಣುತ್ತದೆ. ಕಣ್ಣ ಸುತ್ತ ಕಪ್ಪು ಕಲಸಿಹೋಗಿದೆ. ತುಟಿಯ ಕೆಂಪು ಬಾಯಿ ದಾಟಿ ಗಾಯದ ಗುರುತಿನ ಮೇಲೆ ಹರಡಿದೆ. ಬಣ್ಣ ಬಳಿಯುವಾಗ ಲೆಡ್ಜರ್ ಬೇಕಂತಲೇ ಹಣೆ ಸುಕ್ಕು ಮಾಡಿಕೊಂಡು ಕೂರುತ್ತಿದ್ದರಂತೆ, ಮೇಕಪ್ ಮಾಡಿದ ಜಾನ್ ಕ್ಯಾಗ್ಲಿಯೋನ್ ಹೇಳಿದ್ದಾರೆ. ಹಳೆಯ ಬ್ಲೂ-ರೇಯಲ್ಲಿ ಇದು ಇಷ್ಟು ಬಿಡಿಬಿಡಿಯಾಗಿ ಕಾಣುತ್ತಿರಲಿಲ್ಲ.

ಈ ಮುಖವನ್ನೇ ಜನ ಬೇಡ ಅಂದಿದ್ದು.

2006ರ ಜುಲೈ ಕೊನೆಯಲ್ಲಿ ಜೋಕರ್ ಪಾತ್ರಕ್ಕೆ ಲೆಡ್ಜರ್ ಅಂತ ಸುದ್ದಿ ಬಂದಾಗ ಕಾಮಿಕ್ಸ್ ಅಭಿಮಾನಿಗಳು ಸಿಡಿದೆದ್ದರು. ಆಗ ಲೆಡ್ಜರ್‌ಗೆ 27 ವರ್ಷ. ಆಸ್ಟ್ರೇಲಿಯಾದ ಪರ್ತ್ ಊರಿನವರು, ಹಾಲಿವುಡ್‌ನಲ್ಲಿ ಹೆಸರು ಮಾಡಿದ್ದು ಕಾಲೇಜು ಹುಡುಗಿಯರ ಕನಸಿನ ಹೀರೋ ಆಗಿ. ನಾನಾಗ ದಾವಣಗೆರೆಯ ಹಾಸ್ಟೆಲ್‌ನಲ್ಲಿದ್ದೆ. ಪಕ್ಕದ ರೂಮಿನವನ ಹತ್ತಿರ ಬ್ಯಾಟ್‌ಮ್ಯಾನ್ ಕಾಮಿಕ್ಸ್ ರಾಶಿ ಇತ್ತು. ‘ಈ ಚೆಂದದ ಹುಡುಗನಾ ಜೋಕರ್?’ ಅಂತ ವಾರಗಟ್ಟಲೆ ಕೂಗಾಡಿದ. ಅವನ ಸಿಟ್ಟಿಗೆ ಒಂದು ಅರ್ಥವಾದರೂ ಇತ್ತು. 1989ರಲ್ಲಿ ಜಾಕ್ ನಿಕಲ್ಸನ್ ಮಾಡಿದ ಜೋಕರ್ ಎಲ್ಲರ ತಲೆಯಲ್ಲಿ ಕೂತುಬಿಟ್ಟಿತ್ತು. ಅದನ್ನು ಎಬ್ಬಿಸುವುದು ಯಾರಿಗೂ ಸುಲಭವಿರಲಿಲ್ಲ. ಏಡ್ರಿಯನ್ ಬ್ರೋಡಿ, ಪಾಲ್ ಬೆಟನಿ ಅಂತ ಬೇರೆ ಹೆಸರುಗಳೂ ಓಡಾಡುತ್ತಿದ್ದವು. ಆದರೆ ಇಂಟರ್‌ನೆಟ್‌ನಲ್ಲಿ ನಡೆದಿದ್ದರಲ್ಲಿ ಬಹಳಷ್ಟು ಬರೀ ಕೊಳಕು. ‘ಬ್ರೋಕ್‌ಬ್ಯಾಕ್ ಮೌಂಟನ್’ ಬಂದು ಒಂದು ವರ್ಷವೂ ಆಗಿರಲಿಲ್ಲ. ಅದರಲ್ಲಿ ಗಂಡಸನ್ನು ಪ್ರೀತಿಸುವ ಗಂಡಸಾಗಿ ನಟಿಸಿದ್ದಾನೆ ಅನ್ನುವುದನ್ನೇ ಹಿಡಿದು ಆಡಿಕೊಂಡರು.

ಬೇಜಾರಾಗುವುದು ಇಲ್ಲೇ. ಇವನು ಜೋಕರ್ ಆಗಬಲ್ಲ ಅನ್ನುವುದಕ್ಕೆ ಸಾಕ್ಷಿ ಇದ್ದಿದ್ದು ಅದೇ ಸಿನಿಮಾದಲ್ಲಿ. ಅಲ್ಲಿ ಲೆಡ್ಜರ್ ಬಾಯಿಯನ್ನು ಗಮನಿಸಿ. ದವಡೆ ಬಿಗಿ, ತುಟಿ ಬಿಗಿ, ಮಾತು ಹಲ್ಲಿನ ಸಂದಿಯಿಂದ ಕಷ್ಟಪಟ್ಟು ಹೊರಗೆ ಬರುತ್ತದೆ. ಹೇಳಬೇಕಾದ್ದನ್ನೆಲ್ಲ ನುಂಗಿಕೊಂಡ ಬಾಯಿ ಅದು. ಜೋಕರ್ ಬಾಯಿ ಅದರ ತದ್ವಿರುದ್ಧ, ಒಂದು ಗಳಿಗೆ ಸುಮ್ನೆ ಇರುವುದಿಲ್ಲ. ನಾಲಿಗೆ ಹೊರಬರುತ್ತದೆ, ತುಟಿಯ ಮೂಲೆ ಸವರುತ್ತದೆ, ಒಳಗಿನಿಂದ ಗಾಯ ತಡವುತ್ತದೆ, ಚಪ್ಪರಿಸುತ್ತದೆ. ಒಂದು ಪಾತ್ರವನ್ನು ಬರೀ ಬಾಯಿಯಿಂದ ಕಟ್ಟಬಲ್ಲ ನಟ ಅಂತ ಮೊದಲೇ ತೋರಿಸಿಕೊಟ್ಟಿದ್ದವರನ್ನು ಆ ಪಾತ್ರಕ್ಕಾಗಿಯೇ ಹಂಗಿಸಿದರಲ್ಲ! ನಿರ್ದೇಶಕ ಕ್ರಿಸ್ಟಫರ್ ನೋಲನ್ ನೋಡಿದ್ದು ಧೈರ್ಯವನ್ನು, ಅಭಿಮಾನಿಗಳು ನೋಡಿದ್ದು ಪೋಸ್ಟರನ್ನು.

ಜನರ ಮಾತು ಬದಲಾಗಿದ್ದು ಲೆಡ್ಜರ್ ತೀರಿಕೊಂಡ ಮೇಲೆ, ಅನುಕಂಪದಿಂದ ಅಂತ ಈಗಲೂ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. 2007ರ ಮೇ ತಿಂಗಳಲ್ಲೇ ಜೋಕರ್‌ನ ಮೊದಲ ಫೋಟೋ ಬಂತು. ಸಿನಿಮಾ ಪ್ರಚಾರದ ವೆಬ್‌ಸೈಟಿನಲ್ಲಿ ಜನ ಇಮೇಲ್ ವಿಳಾಸ ಕೊಟ್ಟಂತೆಲ್ಲ, ಸಿನಿಮಾದ ಇನ್ನೊಂದು ಪಾತ್ರ ಹಾರ್ವಿ ಡೆಂಟ್‌ನ ಫೋಟೋದಿಂದ ಒಂದೊಂದು ಚುಕ್ಕಿ ಅಳಿಸಿ, ಕೆಳಗಿನಿಂದ ಆ ಹರಿದ ನಗು ಕಾಣಿಸಿಕೊಂಡಿತು. ಹಾಸ್ಟೆಲ್ ಗೆಳೆಯನ ಕೂಗಾಟ ನಿಂತಿದ್ದು ಅವತ್ತೇ. ಡಿಸೆಂಬರ್‌ನಲ್ಲಿ ಬ್ಯಾಂಕ್ ದರೋಡೆಯ ದೃಶ್ಯವನ್ನು ದೈತ್ಯ ಪರದೆಯ ಐಮ್ಯಾಕ್ಸ್ ಥಿಯೇಟರ್‌ಗಳಲ್ಲಿ ಮುಂಚಿತವಾಗಿ ತೋರಿಸಿದರು. ಲೆಡ್ಜರ್ ತೀರಿಕೊಂಡಿದ್ದು 2008ರ ಜನವರಿ 22ರಂದು, ಬರೀ 28ಕ್ಕೆ. ಸಿನಿಮಾ ಬಂದಿದ್ದು ಜುಲೈನಲ್ಲಿ. ಮರುವರ್ಷ ಆಸ್ಕರ್ ಪ್ರಶಸ್ತಿಯನ್ನು ಅವರ ಮನೆಯವರು ತೆಗೆದುಕೊಂಡರು.

ಇನ್ನು ಡಿಸ್ಕ್ ವಿಷಯ. ನಾನು 2008ರಲ್ಲಿ ನೋಡಿದ್ದು ಮಾಮೂಲಿ ಪರದೆಯಲ್ಲಿ. ಇಲ್ಲಿ ಐಮ್ಯಾಕ್ಸ್ ಕ್ಯಾಮೆರಾದಲ್ಲಿ ತೆಗೆದ ಭಾಗ ಬಂದಾಗ ಮೇಲೆ ಕೆಳಗಿನ ಕಪ್ಪು ಪಟ್ಟಿ ಹೋಗಿ ಚಿತ್ರ ಟಿವಿ ತುಂಬಾ ಹರಡಿಕೊಳ್ಳುತ್ತದೆ. ಬ್ಯಾಂಕ್ ದರೋಡೆ ಅಂತೂ ಈಗಷ್ಟೇ ತೆಗೆದ ಹಾಗಿದೆ. ಮಾಮೂಲಿ 35 ಎಂಎಂ ಫಿಲ್ಮಿನಲ್ಲಿ ತೆಗೆದ ಭಾಗಗಳು ಅದರ ಮುಂದೆ ಸ್ವಲ್ಪ ಮಂಕು. ಅದು ಫಿಲ್ಮಿನ ಗುಣ, ದೋಷ ಅಲ್ಲ. ಸೌಂಡು 5.1 ಮಾತ್ರ, ತಲೆಯ ಮೇಲಿನಿಂದಲೂ ಸದ್ದು ಕೇಳಿಸುವ ಅಟ್ಮಾಸ್ ಇಲ್ಲ. ನನಗೆ ಕೊರತೆ ಅನ್ನಿಸಲಿಲ್ಲ. ಜೋಕರ್ ಪೊಲೀಸ್ ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಗಾಳಿಗೆ ಮುಖವೊಡ್ಡುವ ಶಾಟ್ ಇದೆಯಲ್ಲ, ಅಲ್ಲಿ ಊರಿನ ಸದ್ದೆಲ್ಲ ಅಡಗಿಹೋಗುತ್ತದೆ. ಆ ಮೌನಕ್ಕೆ ಯಾವ ಹೊಸ ಸ್ಪೀಕರೂ ಬೇಡ.

ನನ್ನ ತಕರಾರು ಮೂರನೇ ಡಿಸ್ಕಿನ ಮೇಲೆ. ಐಮ್ಯಾಕ್ಸ್ ಕ್ಯಾಮೆರಾ ಬಗ್ಗೆ ಇದೆ, ಬ್ಯಾಟ್‌ಮ್ಯಾನ್‌ನ ಬೈಕ್ ಬ್ಯಾಟ್‌ಪಾಡ್ ಬಗ್ಗೆ ಇದೆ, ಸಂಗೀತದ ಬಗ್ಗೆ ಇದೆ. ಲೆಡ್ಜರ್ ಆಯ್ಕೆಯ ಕಥೆಗೆ, ಆಗ ಎದ್ದ ಗಲಾಟೆಗೆ ಅಂತಲೇ ಒಂದು ಅಧ್ಯಾಯ ಇಲ್ಲ. ನಿರ್ದೇಶಕರ ಕಾಮೆಂಟರಿಯೂ ಇಲ್ಲ. ಸೂಪರ್‌ಹೀರೋ ಸಿನಿಮಾಗಳಲ್ಲಿ ಯಾರಿಗೆ ಯಾವ ಪಾತ್ರ ಅಂತ ಜನ ಜಗಳವಾಡುವ ರೀತಿಯನ್ನೇ ಬದಲಿಸಿದ ಘಟನೆ ಇದು, ಅಲ್ವಾ? ಇವತ್ತಿಗೂ ಯಾರ ಹೆಸರು ಬಂದರೂ ‘ಲೆಡ್ಜರ್‌ಗೂ ಹೀಗೇ ಅಂದಿದ್ದರು’ ಅಂತ ಒಂದು ಉತ್ತರ ತಯಾರಿರುತ್ತದೆ. ಅದು ಎಲ್ಲ ಕಡೆಗೂ ನಡೆಯುವ ಉತ್ತರ ಅಲ್ಲ ಅಂತ ನನ್ನ ಅಭಿಪ್ರಾಯ. 2014ರಲ್ಲಿ ಜೆಸ್ಸಿ ಐಸೆನ್‌ಬರ್ಗ್ ಸೂಪರ್‌ಮ್ಯಾನ್‌ನ ಶತ್ರು ಲೆಕ್ಸ್ ಲೂಥರ್ ಆಗುತ್ತಾರೆ ಅಂದಾಗ ಮುಖ ಸಿಂಡರಿಸಿದವರಲ್ಲಿ ಎಷ್ಟೋ ಜನ ಸಿನಿಮಾ ನೋಡಿದ ಮೇಲೂ ಸಿಂಡರಿಸಿದರು. 2024ರಲ್ಲಿ ಐರನ್ ಮ್ಯಾನ್ ಆಗಿದ್ದ ರಾಬರ್ಟ್ ಡೌನಿ ಜೂನಿಯರ್ ಅವರನ್ನೇ ಖಳನಾಯಕ ಡಾಕ್ಟರ್ ಡೂಮ್ ಅಂತ ವೇದಿಕೆ ಹತ್ತಿಸಿದಾಗ ಮತ್ತೆ ಅದೇ ಉತ್ತರ ಕೇಳಿಬಂತು. ಪ್ರತಿ ನಟನನ್ನೂ ಅವನ ಹಿಂದಿನ ಕೆಲಸ ನೋಡಿಯೇ ತೂಗಬೇಕು, ಲೆಡ್ಜರ್ ಹೆಸರಿನ ಸಾಲ ಕೊಟ್ಟು ಅಲ್ಲ.

55 ಇಂಚಿಗಿಂತ ದೊಡ್ಡ, ಎಚ್‌ಡಿಆರ್ (ಕತ್ತಲು-ಬೆಳಕಿನ ವ್ಯತ್ಯಾಸ ಚೆನ್ನಾಗಿ ತೋರಿಸುವ ಗುಣ) ಚೆನ್ನಾಗಿರುವ ಟಿವಿ ಇದ್ದರೆ ಕಣ್ಣುಮುಚ್ಚಿ ಕೊಳ್ಳಿ. ಚಿಕ್ಕ ಟಿವಿಯಾದರೆ ಹಳೆಯ ಬ್ಲೂ-ರೇ ಸಾಕು. ಹಾಕುವ ಮುಂಚೆ ಟಿವಿಯ ಮೋಷನ್ ಸ್ಮೂತಿಂಗ್ (ಚಲನೆಯನ್ನು ಅತಿಯಾಗಿ ನುಣುಪಾಗಿಸುವ ಸೆಟ್ಟಿಂಗ್) ಆಫ್ ಮಾಡಿ, ಕೋಣೆಯ ದೀಪ ಆರಿಸಿ. ವಿಚಾರಣೆ ದೃಶ್ಯದ ಮೊದಲ ಭಾಗ ಹಗಲು ಬೆಳಕಲ್ಲಿ ಏನೂ ಕಾಣುವುದಿಲ್ಲ.