36ರ ಪೇಪರ್ ಕಟಿಂಗ್, 40ರ ಮೈ

ಜನವರಿ 18, ಉಡುಪಿ ಕೃಷ್ಣಮಠದ ಪರ್ಯಾಯದ ಬೆಳಗಿನ ಜಾವ. ಜೋಡುಕಟ್ಟೆಯಿಂದ ಮೆರವಣಿಗೆ ಹೊರಟಿತ್ತು. ಫೋಟೋ ತೆಗೆಯೋಣ ಅಂತ ಜನರ ತಲೆಯ ಮೇಲಿಂದ ಮೊಬೈಲ್ ಎತ್ತಿ ಹಿಡಿದೆ. ಬಲ ಕಂಕುಳಲ್ಲಿ ಬ್ಲೌಸ್ ಚರ್ರ್ ಅಂತ ಹರಿಯಿತು. ಅಕ್ಕ ತಕ್ಷಣ ನನ್ನ ಸೆರಗು ಎಳೆದು ಮುಚ್ಚಿ, "ಎಂತ ಮಾರಾಯ್ತಿ, ಇದರಲ್ಲಿ ಉಸಿರಾಡ್ಲಿಕ್ಕೆ ಆಗ್ತದಾ ನಿಂಗೆ?" ಅಂದಳು.

ಆಗುತ್ತಿರಲಿಲ್ಲ. ಎರಡು ವರ್ಷದಲ್ಲಿ 11 ಕೆ.ಜಿ. ಏರಿದ್ದೇನೆ. ಮೊಣಕಾಲು ನೋವು ಅಂತ ವಾಕಿಂಗ್ ಬಿಟ್ಟೆ, ಗೋಳಿಬಜೆ ಬಿಡಲಿಲ್ಲ. ಬ್ಲೌಸ್ ಮಾತ್ರ ಹಳೆ ಪೇಪರ್ ಕಟಿಂಗ್ (ಬಟ್ಟೆಯ ಮೇಲಿಟ್ಟು ಕತ್ತರಿಸುವ ಅಳತೆಯ ಕಾಗದ) ಇಟ್ಟೇ ಹೊಲಿಯುತ್ತಿದ್ದೆ. ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆದು ಕತ್ತರಿಸಿದ್ದು ಅದು. ನಾಲ್ಕು ಟಕ್ಸ್ (ಎದೆಯ ಉಬ್ಬಿಗೆ ಬಟ್ಟೆ ಮಡಚಿ ಹಾಕುವ ಹೊಲಿಗೆ), ಮುಂದೆ ಹುಕ್ಕು, ಮೊಣಕೈಗಿಂತ ಮೇಲೆ ನಿಲ್ಲುವ ತೋಳು. ಅದನ್ನು ಕೂರಿಸಲು ಒಂದು ಕಾಲದಲ್ಲಿ ತಿಂಗಳುಗಟ್ಟಲೆ ಒದ್ದಾಡಿದ್ದೆ. ಹಾಗಾಗಿ ಎಸೆಯಲು ಮನಸ್ಸಿರಲಿಲ್ಲ.

ಮನೆಗೆ ಬಂದು ಟೇಪ್ ಹಿಡಿದೆ. ಎದೆ 36 ಇಂಚು ಇದ್ದದ್ದು 40. ಎದೆಯ ಕೆಳಗಿನ ಸುತ್ತು 30ರಿಂದ 33.5. ತೋಳಿನ ಸುತ್ತು 11.5ರಿಂದ 13.5. ಭುಜ? ಅದೇ 14. ಕತ್ತೂ ಬದಲಾಗಿಲ್ಲ. ಕಂಕುಳ ನೇರಕ್ಕೆ ಎರಡು ಪಕ್ಕ ಗುರುತು ಹಾಕಿ ಮುಂದೆ, ಹಿಂದೆ ಬೇರೆ ಬೇರೆ ಅಳೆದೆ. ಮುಂದೆ 19 ಇದ್ದದ್ದು 21.5, ಹಿಂದೆ 17 ಇದ್ದದ್ದು 18.5. ಅಂದರೆ ಏರಿದ 4 ಇಂಚಿನಲ್ಲಿ ಎರಡೂವರೆ ಮುಂದೆ, ಒಂದೂವರೆ ಹಿಂದೆ. ಈ ಕೊನೆಯ ಎರಡು ಅಳತೆ ತೆಗೆಯದೆ ಇದ್ದಿದ್ದರೆ ಇನ್ನೂ ಎರಡು ಬಟ್ಟೆ ಹಾಳು ಮಾಡುತ್ತಿದ್ದೆ ಅನ್ನಿಸುತ್ತದೆ.

ಒಟ್ಟು ನಾಲ್ಕು ದಾರಿ ನೋಡಿದೆ. ಮೊದಲು ಸುಲಭದ್ದು: ಹರಿದ ಬ್ಲೌಸಿನ ಪಕ್ಕದ ಹೊಲಿಗೆ ಬಿಚ್ಚುವುದು. ಒಳಗೆ ಒಂದೊಂದು ಇಂಚು ಬಟ್ಟೆ ಬಿಟ್ಟಿದ್ದೆ. ಒಂದೊಂದರಲ್ಲೂ ಮುಕ್ಕಾಲು ಇಂಚು ಬಿಟ್ಟುಕೊಟ್ಟರೆ ನಾಲ್ಕು ಪದರಕ್ಕೆ 3 ಇಂಚು ಸಿಗುತ್ತದೆ. ಮುಕ್ಕಾಲು ಗಂಟೆ ಕೆಲಸ, ಪೇಪರ್ ಬೇಡ, ಕತ್ತರಿ ಬೇಡ. ಅರ್ಜೆಂಟಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಕಂಕುಳ ತಿರುವಿನಲ್ಲಿ ಮೊದಲ ಸಲ ಹೊಲಿಯುವಾಗಲೇ ಬಟ್ಟೆಗೆ ಕಚ್ಚು (ಕತ್ತರಿಯ ಸಣ್ಣ ಗೀರು) ಹಾಕಿದ್ದೆ, ಅಲ್ಲಿ ಬಿಡಲು ಏನೂ ಉಳಿದಿರಲಿಲ್ಲ. ಹರಿದದ್ದು ಅಲ್ಲೇ ತಾನೇ! ಮೇಲಾಗಿ ನಮ್ಮ ಕಡೆಯ ಬೆವರು, ಬಿಸಿಲಿಗೆ ಬಟ್ಟೆ ಮಾಸಿತ್ತು. ಒಳಗಿಂದ ಹೊರಬಂದ ಪಟ್ಟಿ ಹೊಸ ಬಣ್ಣದಲ್ಲಿ ಎದ್ದು ಕಾಣುತ್ತಿತ್ತು. ಸಾದಾ ಕಾಟನ್ ಆದದ್ದಕ್ಕೆ ಸೂಜಿಯ ತೂತು ಮುಚ್ಚಿಹೋಯಿತು. ರೇಷ್ಮೆಯಲ್ಲಿ ಅದು ಸಾಲಾಗಿ ಕೂತುಬಿಡುತ್ತದೆ.

ಮುಂದಿನ ಮೂರೂ ಪ್ರಯೋಗ ಮಾವನವರ ಹಳೆ ಪಂಚೆಯ ಮೇಲೆ. ಒಗೆದು ಒಗೆದು ಮೆತ್ತಗಾದ ಪಂಚೆ ಇನ್ನು ಕುಗ್ಗುವುದಿಲ್ಲ, ಪೆನ್ಸಿಲ್ ಗೆರೆ ಚೆನ್ನಾಗಿ ಹಿಡಿಯುತ್ತದೆ, ಹಾಳಾದರೆ ಒರೆಸಲು ಆಗುತ್ತದೆ.

ಎರಡನೆಯದು ಎಲ್ಲರೂ ಹೇಳುವ ಉಪಾಯ. ಏರಿದ್ದು 4 ಇಂಚು, ನಾಲ್ಕರಿಂದ ಭಾಗಿಸು, ಪೇಪರಿನ ಪಕ್ಕಕ್ಕೆ ಒಂದೊಂದು ಇಂಚು ಅಂಟಿಸು. ತೋಳಿಗೂ ಎರಡು ಕಡೆ ಒಂದೊಂದು ಇಂಚು. ಹತ್ತು ನಿಮಿಷದ ಕೆಲಸ. ಹೊಲಿದು ಹಾಕಿದರೆ ಲೆಕ್ಕಕ್ಕೆ ಸರಿಯಾಗಿ ಸುತ್ತು ಬಂತು, ಹುಕ್ಕು ಆರಾಮಾಗಿ ಬಿತ್ತು. ಆದರೆ ಕಂಕುಳ ಹತ್ತಿರ ಬಟ್ಟೆ ಚೀಲದ ಹಾಗೆ ನಿಂತಿತು. ಎದೆಯ ಮೇಲೆ ಮಾತ್ರ ಅಡ್ಡ ಗೆರೆಗಳು ಎಳೆದುಕೊಂಡೇ ಇದ್ದವು. ಮುಂಭಾಗ ಮೇಲಕ್ಕೆ ಸರಿದು, ಹಿಂದೆ ಉದ್ದ, ಮುಂದೆ ಗಿಡ್ಡ. ಕಾರಣ ಸರಳ. ದಪ್ಪ ಆದದ್ದು ಎದೆಯ ನಡುವೆ, ಬಟ್ಟೆ ಕೊಟ್ಟದ್ದು ಪಕ್ಕದಲ್ಲಿ. ಟಕ್ಸ್ ಮೊದಲಿನಷ್ಟೇ ಇದ್ದರೆ ಅದು ಮೊದಲಿನ ಎದೆಗೇ ಗುಳಿ ಮಾಡುತ್ತದೆ. ಎದೆ ತುಂಬಿದಾಗ ಮುಂದೆ ಉದ್ದವೂ ಬೇಕು ಅನ್ನುವುದು ನಮಗೆ ಹೊಳೆಯುವುದಿಲ್ಲ. ಸುತ್ತಳತೆ ಒಂದನ್ನೇ ಹಿಡಿದು ಕೂತಿರುತ್ತೇವೆ.

ತಮಾಷೆ ಏನೆಂದರೆ, ನಾಲ್ಕರಲ್ಲಿ ತೋಳು ಚೆನ್ನಾಗಿ ಕೂತದ್ದು ಇದರಲ್ಲೇ! ನನ್ನ ತೋಳು ಏರಿದ್ದೂ 2 ಇಂಚು, ಸಿಕ್ಕಿದ್ದೂ 2 ಇಂಚು. ಆರ್ಮ್‌ಹೋಲಿಗೂ (ತೋಳು ಜೋಡಿಸುವ ಬಾಯಿ) ತೋಳಿಗೂ ಜಗಳವೇ ಇಲ್ಲ. ಇದೇ ಉಪಾಯವನ್ನು ಸೈಡ್ ಸ್ಲಿಟ್ ಇರುವ ಕುರ್ತಾಕ್ಕೆ ಮಾಡಿದರೆ ಧಾರಾಳ ಸಾಕು. ಅಲ್ಲಿ ಬಟ್ಟೆ ಮೈಗೆ ಅಂಟಬೇಕಾಗಿಲ್ಲ. ನಾನು ಕುರ್ತಾಕ್ಕೆ ಈಗಲೂ ಬೇರೆ ತಲೆಬಿಸಿ ಮಾಡುವುದಿಲ್ಲ.

ಮೂರನೆಯದು, ಹಳೆಯದನ್ನು ಬದಿಗಿಟ್ಟು 40ಕ್ಕೆ ಹೊಸದಾಗಿ ಬರೆಯುವುದು. ಹೊಲಿಗೆ ಕ್ಲಾಸಿನಲ್ಲಿ ಕಲಿತ ಸೂತ್ರ ನೆನಪಿತ್ತು. ಕತ್ತಿನ ಅಗಲ ಎದೆಯ ಹನ್ನೆರಡನೇ ಒಂದು ಭಾಗ. 36ಕ್ಕೆ 3 ಇಂಚು, 40ಕ್ಕೆ 3.33. ಕಾಗದದ ಮೇಲೆ ಏನು ಮಹಾ ಅನ್ನಿಸುತ್ತದೆ. ಹಾಕಿದರೆ ಭುಜ ಜಾರುತ್ತದೆ. ಎದೆ ದೊಡ್ಡದಾದರೆ ಕತ್ತೂ ಭುಜವೂ ದೊಡ್ಡದಾಗಬೇಕು ಅಂತ ಸೂತ್ರಕ್ಕೆ ನಂಬಿಕೆ, ನನ್ನ ಮೈಗೆ ಇಲ್ಲ. ಕೊಂಡ ಪ್ಯಾಟರ್ನಿನಲ್ಲಿ ದೊಡ್ಡ ಸೈಜು ಆರಿಸಿದರೂ ಇದೇ ಕಥೆ, ಅದರಲ್ಲೂ ಎಲ್ಲಾ ಒಟ್ಟಿಗೆ ಹಿಗ್ಗುತ್ತದೆ.

ಇದರಲ್ಲೇ ಇನ್ನೊಂದು ತಪ್ಪು ಮಾಡಿದೆ. ಕೈ ಎತ್ತಲು ಜಾಗ ಬೇಕು ಅಂತ ಆರ್ಮ್‌ಹೋಲನ್ನು ಮುಕ್ಕಾಲು ಇಂಚು ಕೆಳಗಿಳಿಸಿದೆ. ಆಮೇಲೆ ಕಪಾಟಿನ ಮೇಲಿನ ಡಬ್ಬಿಗೆ ಕೈ ಹಾಕಿದರೆ ಇಡೀ ಬ್ಲೌಸ್ ಕೈಯ ಜೊತೆ ಮೇಲೆ ಹೋಯಿತು. ಆರ್ಮ್‌ಹೋಲ್ ಕಂಕುಳಿಗೆ ಹತ್ತಿರ ಇದ್ದಷ್ಟೂ ಕೈ ಸಲೀಸಾಗಿ ಏಳುತ್ತದೆ. ಕೆಳಗಿದ್ದಷ್ಟೂ ಬಟ್ಟೆಯನ್ನು ಎಳೆದುಕೊಂಡು ಹೋಗುತ್ತದೆ. ಬೇಕಾದದ್ದು ತೋಳಿನ ಅಗಲ, ಆಳ ಅಲ್ಲ.

ನಾಲ್ಕನೆಯದಕ್ಕೆ ಧೈರ್ಯ ಬೇಕು. ಹಳೆ ಪೇಪರನ್ನೇ ಕತ್ತರಿಸಿ ಅಗಲಿಸುವುದು. (ಮೊದಲು ಅದರ ನಕಲು ಮಾಡಿಕೊಳ್ಳಿ, ನಾನು ಮಾಡಿದೆ.) ಮುಂಭಾಗದ ಹಾಳೆಯಲ್ಲಿ ಕೆಳಗಿನ ಟಕ್ಸ್‌ನಿಂದ ಎದೆಯ ತುದಿಯವರೆಗೆ ಕತ್ತರಿಸಬೇಕು. ಅಲ್ಲಿಂದ ತಿರುಗಿ ಆರ್ಮ್‌ಹೋಲಿನ ಟಕ್ಸ್ ಕಡೆಗೆ. ಅಂಚಿಗೆ ಬಂದಾಗ ಒಂದು ಎಳೆಯಷ್ಟು ಕಾಗದ ಬಿಡಬೇಕು, ಬಾಗಿಲಿನ ಕೀಲಿನ ಹಾಗೆ. ಪಕ್ಕದ ಟಕ್ಸ್‌ನಿಂದಲೂ ತುದಿಯವರೆಗೆ ಒಂದು ಕತ್ತರಿ. ಈಗ ಹಾಳೆಯನ್ನು ಮೆಲ್ಲ ಹೊರಕ್ಕೆ ಸರಿಸಿದರೆ ನಡುವೆ ಬಾಯಿ ಬಿಡುತ್ತದೆ. ನನಗೆ ಮುಂದೆ ಎರಡೂವರೆ ಇಂಚು ಬೇಕಿತ್ತು, ಅರ್ಧ ಭಾಗಕ್ಕೆ ಒಂದೂಕಾಲು. ಅಷ್ಟು ತೆರೆದು ಕೆಳಗೆ ಬೇರೆ ಕಾಗದ ಅಂಟಿಸಿದೆ. ಪಕ್ಕದ ಟಕ್ಸ್ ತನ್ನಷ್ಟಕ್ಕೆ ಅಗಲವಾಯಿತು, ಹೊರಗಿನ ತುಂಡು ಕೆಳಗಿಳಿಯಿತು. ಹುಕ್ಕಿನ ಪಟ್ಟಿಯ ಕಡೆಯ ತುಂಡನ್ನೂ ಕತ್ತರಿಸಿ ಅದರ ಸಮಕ್ಕೆ ಇಳಿಸಿದೆ. ಎರಡನೆಯದರಲ್ಲಿ ಕಮ್ಮಿ ಬಿದ್ದ ಉದ್ದ ಇಲ್ಲಿ ಕೇಳದೆ ಸಿಕ್ಕಿತು. ಕತ್ತು, ಭುಜ ಒಂದು ಕೂದಲೂ ಅಲ್ಲಾಡಲಿಲ್ಲ.

ಮೊದಲ ಸಲ ಇದೂ ಕೆಟ್ಟಿತು ಅನ್ನಿ. ಭುಜದಿಂದ ಎದೆಯ ತುದಿ 9.5 ಇದ್ದದ್ದು ಈಗ ಹತ್ತೂಕಾಲು. ನಾನು ಹಳೆ ಗುರುತಿಗೇ ಕತ್ತರಿಸಿದೆ. ಬಟ್ಟೆಯ ಉಬ್ಬು ಒಂದು ಕಡೆ, ಮೈಯ ಉಬ್ಬು ಒಂದು ಕಡೆ. ಎರಡನೇ ಸಲ ತುದಿಯನ್ನು ಮುಕ್ಕಾಲು ಇಂಚು ಕೆಳಗೆ ಗುರುತು ಮಾಡಿ, ಟಕ್ಸ್‌ಗಳನ್ನು ಅಲ್ಲಿಗೆ ತಿರುಗಿಸಿ, ಆಮೇಲೆ ಕತ್ತರಿ ಹಾಕಿದೆ. ಕೆಳಗಿನ ಟಕ್ಸನ್ನು ಮೊದಲಿಗಿಂತ ಕಾಲು ಇಂಚು ಮಾತ್ರ ಜಾಸ್ತಿ ಹಿಡಿದೆ, ಹೊಟ್ಟೆಗೂ ಜಾಗ ಬೇಕಲ್ವಾ.

ಹಿಂಭಾಗಕ್ಕೆ ಕತ್ತರಿಯೇ ಬೇಡ. ಅರ್ಧಕ್ಕೆ ಮುಕ್ಕಾಲು ಇಂಚು ಪಕ್ಕದಲ್ಲಿ ಸೇರಿಸಿದೆ, ಅಷ್ಟೇ. ತೋಳು ಮಾತ್ರ ಒಂದು ಸಂಜೆ ತಿಂದಿತು. ಹಿಂದಿನ ಪಕ್ಕಕ್ಕೆ ಸೇರಿಸಿದ ಮುಕ್ಕಾಲು ಇಂಚನ್ನು ತೋಳಿನ ಹಿಂದಿನ ಅಂಚಿಗೂ ಸೇರಿಸಿದೆ. ಉಳಿದ ಒಂದೂಕಾಲನ್ನು ತೋಳಿನ ನಡುವೆ ಉದ್ದಕ್ಕೂ ಅಡ್ಡಕ್ಕೂ ಕತ್ತರಿಸಿ ತೆರೆದೆ. ಹಾಗೆ ತೆರೆದರೆ ಮೇಲಿನ ಕಮಾನಿನ ಉದ್ದ ಬದಲಾಗದೆ ತೋಳಷ್ಟೇ ಅಗಲವಾಗುತ್ತದೆ, ಕಮಾನು ಸ್ವಲ್ಪ ತಗ್ಗುತ್ತದೆ. ಬರೀ ಉದ್ದಕ್ಕೆ ಸೀಳಿ ಅಗಲಿಸಿದರೆ ಕಮಾನೂ ಬೆಳೆದು ಭುಜದ ಹತ್ತಿರ ನೆರಿಗೆ ಬೀಳುತ್ತದೆ. ಪಫ್ ತೋಳು ಇಷ್ಟ ಇರುವವರಿಗೆ ಪರವಾಗಿಲ್ಲ.

ಇದಕ್ಕೆ ಎರಡು ದಿನ ಹೋಯಿತು. ಆದರೆ ಪಂಚೆಯ ಬ್ಲೌಸ್ ಹಾಕಿ ಎರಡೂ ಕೈ ಮೇಲೆತ್ತಿದರೆ ಕೆಳಗಿನ ಪಟ್ಟಿ ಇದ್ದಲ್ಲೇ ಇತ್ತು. ಮೈಗಂಟುವ ಬ್ಲೌಸಿಗೆ ನನ್ನ ಓಟು ಇದಕ್ಕೇ. ಏರಿದ್ದು 2 ಇಂಚಿನ ಒಳಗಿದ್ದರೆ ಇಷ್ಟೆಲ್ಲಾ ಬೇಡ, ಹೊಲಿಗೆ ಬಿಚ್ಚಿದರೆ ಆಯಿತು. ಹೊಟ್ಟೆ, ಸೊಂಟ ಮಾತ್ರ ಏರಿ ಎದೆ ಹಾಗೇ ಇರುವವರಿಗೂ ಪಕ್ಕಕ್ಕೆ ಅಂಟಿಸುವುದೇ ಸರಿ.

ಈಗಿರುವ ತೊಂದರೆ ಬಟ್ಟೆಯದ್ದು. ಕಿನ್ನಿಗೋಳಿ ಕಡೆ ಕೈಮಗ್ಗದಲ್ಲಿ ನೇಯ್ದ ಉಡುಪಿ ಸೀರೆ ಒಂದಿದೆ, ಹಸಿರು ಮೈ, ಕೆಂಪು ಅಂಚು. ಅದಕ್ಕೆ ಅಂತ ಹಿಂದೆಯೇ ತೆಗೆದಿಟ್ಟ ಕೆಂಪು ಬ್ಲೌಸ್ ಪೀಸ್ 80 ಸೆಂ.ಮೀ. ಹೊಸ ಪೇಪರ್ ಹರಡಿ ನೋಡಿದೆ. ಮುಂದೆ, ಹಿಂದೆ ಕೂತವು, ಒಂದು ತೋಳು ಕೂತಿತು, ಇನ್ನೊಂದಕ್ಕೆ ಮೂಲೆಯಲ್ಲಿ ಅಂಗೈ ಅಗಲ ಸಾಲದು. ರಥಬೀದಿಯಲ್ಲಿ ಅದೇ ಕೆಂಪು ಹುಡುಕಿದೆ, ಸಿಗಲಿಲ್ಲ. ಕಂಕುಳ ಕೆಳಗೆ, ಯಾರಿಗೂ ಕಾಣದ ಕಡೆ, ತುಂಡು ಸೇರಿಸಿ ಹೊಲಿಯುತ್ತಿದ್ದೇನೆ. ಕೈ ಎತ್ತಿದರೆ ಕಾಣುತ್ತದೆ ಅಂತ ಅಕ್ಕ ಈಗಾಗಲೇ ಹೇಳಿ ಆಗಿದೆ.