ರೊಟ್ಟಿ ಒಲೆಗೆ ಯಾವ ಕಟ್ಟಿಗೆ? ನಮ್ಮ ಮನೆಯ ಅನುಭವ

ವಿಜಯಪುರದ ಹತ್ತಿರದ ಹಳ್ಳಿ ನಮ್ಮದು. ಮನೆಯಲ್ಲಿ ಗ್ಯಾಸ್ ಇದ್ದರೂ ಜೋಳದ ರೊಟ್ಟಿ, ಸ್ನಾನದ ನೀರು ಎರಡೂ ಕಟ್ಟಿಗೆ ಒಲೆಯ ಮೇಲೆಯೇ. ಇಷ್ಟು ವರ್ಷಗಳಲ್ಲಿ ಸಿಕ್ಕಿದ ಕಟ್ಟಿಗೆಯನ್ನೆಲ್ಲ ಉರಿಸಿದ್ದೇವೆ.

ಕಾವಿನ ಲೆಕ್ಕದಲ್ಲಿ ಬಳ್ಳಾರಿ ಜಾಲಿಯೇ ಮೇಲು. ಹೊಲದ ಬದುವಿನಲ್ಲಿ ಅದರಷ್ಟು ಪೀಡೆ ಇನ್ನೊಂದಿಲ್ಲ, ಆದರೆ ಅರೆಬರೆ ಒಣಗಿದ್ದರೂ ಉರಿಯುತ್ತದೆ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಕರಿಜಾಲಿಯೂ ಗಟ್ಟಿಯೇ. ಆದರೆ ಕುಂಟೆ, ನೇಗಿಲಿಗೆ ಬರುವ ಮರವನ್ನು ಸುಮ್ನೆ ಒಲೆಗೆ ಹಾಕಲು ಮನಸ್ಸು ಬರಲ್ಲ.

ರೊಟ್ಟಿಗೆ ಬರೀ ಜಾಲಿ ಸಾಲದು. ಹಂಚು ಜಾಸ್ತಿ ಕಾದರೆ ತಕ್ಷಣ ಉರಿ ಇಳಿಸಲು ಆಗಲ್ಲ. ರೊಟ್ಟಿ ಮೇಲೆ ಸುಟ್ಟು ಒಳಗೆ ಹಸಿಯಾಗಿ ಉಳಿಯುತ್ತದೆ. ಅದಕ್ಕೆ ತೊಗರಿ ಕಟ್ಟಿಗೆ ಬೇಕು. ನಾಲ್ಕು ಕಡ್ಡಿ ಹಿಂದಕ್ಕೆ ಎಳೆದರೆ ಉರಿ ಇಳಿಯಿತು, ಒಳಗೆ ತಳ್ಳಿದರೆ ಏರಿತು. ಆದರೆ ಕೆಂಡ ನಿಲ್ಲಲ್ಲ, ಒಲೆ ಬಿಟ್ಟು ಏಳುವ ಹಾಗೂ ಇಲ್ಲ. ನಮ್ಮ ಅವ್ವ ಹಿಂದೆ ಒಂದು ಜಾಲಿ ತುಂಡು, ಮುಂದೆ ತೊಗರಿ ಕಟ್ಟಿಗೆ ಇಡುತ್ತಾರೆ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ, ತಿರುವಿ, ಕೊನೆಗೆ ಅದನ್ನು ಜಾಲಿ ಕೆಂಡದ ಮುಂದೆ ಒರಗಿಸಿದರೆ ಉಬ್ಬಿ ಬರುತ್ತದೆ. ರೊಟ್ಟಿಗೆ ಇದಕ್ಕಿಂತ ಒಳ್ಳೆಯ ಜೋಡಿ ನಾನಂತೂ ಕಂಡಿಲ್ಲ.

ಹುಣಸೆ ಕೆಂಡವೂ ಚೆನ್ನ, ಸೀಳುವವರ ರಟ್ಟೆ ಮಾತ್ರ ಬೀಳುತ್ತದೆ. ನೀಲಗಿರಿ ಬೇಗ ಹತ್ತಿ ಬೇಗ ಮುಗಿಯುತ್ತದೆ. ಬೇವಿನ ಹೊಗೆ ಕಹಿ, ಅಡುಗೆಗೆ ಬೇಡ. ತಿಕೋಟಾ ಕಡೆಯ ತೋಟಗಳಲ್ಲಿ ಏಪ್ರಿಲ್, ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಆದ ಮೇಲೆ ದ್ರಾಕ್ಷಿ ಬಳ್ಳಿ ರಾಶಿ ಬೀಳುತ್ತದೆ. ಅದಕ್ಕೆ ಔಷಧ ಹೊಡೆದಿರುತ್ತಾರಲ್ವಾ, ರೊಟ್ಟಿ ಒಲೆಗಂತೂ ನಾವು ಹಾಕಲ್ಲ.

ಕೊಳ್ಳುವವರಿಗೆ ಒಂದು ಮಾತು. ಈಗಷ್ಟೇ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ ಇರಬಹುದು. ಕಟ್ಟಿಗೆ ಅಡ್ಡೆಯಲ್ಲಿ ಕ್ವಿಂಟಲ್ ಲೆಕ್ಕದಲ್ಲಿ ಕೊಟ್ಟರೆ ಆ ನೀರಿಗೂ ದುಡ್ಡು. ಒಮ್ಮೆ ನಮಗೆ ಒಣಗಿದ್ದು ಎಂದು ಕೊಟ್ಟ ಲೋಡು ಒಲೆಗೆ ಹಾಕಿದ ಕೂಡಲೇ ತುದಿಯಲ್ಲಿ ಬುರುಬುರು ನೊರೆ ಬಿಟ್ಟಿತು. ಊದುಗೊಳವಿ ಊದಿ ಊದಿ ಕಣ್ಣು ಕೆಂಪಾದವು. ಈಗ ಎರಡು ತುಂಡು ಒಂದಕ್ಕೊಂದು ಬಡಿದು ನೋಡುತ್ತೇವೆ. ಟಣ್ ಅಂದರೆ ಒಣಗಿದೆ, ದಬ್ ಅಂದರೆ ಹಸಿ. ಕಡಿದ ತುದಿಯಲ್ಲಿ ನಡುವಿನಿಂದ ಅಂಚಿಗೆ ಬಿರುಕು ಬಿಟ್ಟಿರಬೇಕು. ಬೇಸಿಗೆಯಲ್ಲೇ ಕೊಂಡು, ಸೀಳಿ, ಕೆಳಗೆ ಕಲ್ಲಿಟ್ಟು ಒಟ್ಟಿಡಿ. ನೆಲಕ್ಕೆ ತಾಗಿದ ಸಾಲಿಗೆ ಗೆದ್ದಲು ಹಿಡಿಯುತ್ತದೆ.