ಮರದ ಅಣಬೆಯ ಪೊಟ್ಟಣ: ಮಗುಚಿ ನೋಡಿದ ಮೇಲೆ ಬರೆದದ್ದು

ಮರದ ಮೇಲೆ ಅಣಬೆ ಕಂಡರೆ ಮೂವತ್ತು ವರ್ಷಗಳಿಂದ ನನಗೆ ಬರುವುದು ಸಿಟ್ಟು. ನಾನು ಬಡಗಿ. ಗೋಡೆಗೆ ಹೊಡೆದ ಹಲಗೆಯಂತೆ ಅಣಬೆಯೊಂದು ಕಾಂಡದಿಂದ ಹೊರಚಾಚಿಕೊಂಡಿದೆ ಎಂದರೆ ಒಳಗಿನ ಮರ ಆಗಲೇ ಕೊಳೆಯತೊಡಗಿದೆ ಎಂದು ಅರ್ಥ. ಕೆಲವು ಅಣಬೆಗಳು ಮರದ ನಾರುಗಳನ್ನು ಗಟ್ಟಿಯಾಗಿ ಹಿಡಿದಿಡುವ ಲಿಗ್ನಿನ್ ಅನ್ನೂ ತಿಂದು ಮರವನ್ನು ಬೆಳ್ಳಗೆ ನಾರುನಾರಾಗಿ ಮಾಡುತ್ತವೆ. ಇನ್ನು ಕೆಲವು ಲಿಗ್ನಿನ್ ಬಿಟ್ಟು ಉಳಿದದ್ದನ್ನು ತಿಂದು ಕಂದು ಬಣ್ಣದ ಇಟ್ಟಿಗೆ ಚೂರುಗಳಂತೆ ಒಡೆಯುತ್ತವೆ. ಎರಡರಲ್ಲಿ ಯಾವುದೇ ಆದರೂ ಆ ದಿಮ್ಮಿಗೆ ನಾನು ಗರಗಸ ಹಾಕುವುದಿಲ್ಲ. ಅಂಥವನು ದುಡ್ಡು ಕೊಟ್ಟು ಅದೇ ಅಣಬೆಯನ್ನು ಅಂಚೆಯಲ್ಲಿ ತರಿಸಿಕೊಂಡದ್ದು ಅಕ್ಕನಿಗಾಗಿ. ಅವಳಿಗೆ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿತ್ತು. ಜೊತೆಯ ಹಾಸಿಗೆಯವರು ಯಾರೋ ಹೇಳಿದ್ದರಂತೆ. "ಮರದ ವಿಷಯ ನಿನಗೆ ಗೊತ್ತಲ್ಲ, ಒಳ್ಳೆಯದು ನೋಡಿ ತರಿಸು" ಎಂದಳು. ಇಲ್ಲ ಎನ್ನಲಾಗಲಿಲ್ಲ.

ಬಂದದ್ದು ಮೂರು. 'ಕಾಡಿನಿಂದ ಕೈಯಾರೆ ಆಯ್ದ, ಇಡಿಯಾದ ಟರ್ಕಿ ಟೇಲ್' ಎಂದು ಬರೆದ ನೂರು ಗ್ರಾಂ ಪೊಟ್ಟಣ, ರೀಶಿ ಅಣಬೆಯ ಪುಡಿ ತುಂಬಿದ ಅರವತ್ತು ಗುಳಿಗೆಗಳ ಬಾಟಲಿ, ಮತ್ತು ಯಾರೂ ಕೇಳದಿದ್ದ ನಾಲ್ಕು ಪುಟಗಳ ಕೈಪಿಡಿ. ಮಾರಿದವರ ಹೆಸರು ಬರೆಯುವುದಿಲ್ಲ. ಇಂಥ ಪೊಟ್ಟಣ ಮಾರುವವರು ಬೇಕಾದಷ್ಟಿದ್ದಾರೆ. ನಾನು ಮಾಡಿದ ಪರೀಕ್ಷೆಯನ್ನು ಯಾರ ಸರಕಿನ ಮೇಲಾದರೂ ಮಾಡಬಹುದು.

ಪೊಟ್ಟಣದ ಮುಖ ಪಾರದರ್ಶಕ. ಒಳಗೆ ಬೀಸಣಿಗೆಯಾಕಾರದ ತೆಳು ಚಕ್ಕೆಗಳು, ಒಂದೊಂದರ ಮೇಲೂ ಕಂದು, ಬೂದು, ಕೆನೆ, ನೀಲಿಗಪ್ಪು ಬಣ್ಣದ ಪಟ್ಟೆಗಳು. ಟರ್ಕಿ ಕೋಳಿ ಬಾಲ ಕೆದರಿದರೆ ಹೀಗೆಯೇ ಕಾಣುತ್ತದೆ, ಹೆಸರು ಬಂದದ್ದೂ ಹಾಗೆಯೇ. ಶಾಸ್ತ್ರೀಯ ಹೆಸರು ಟ್ರಮೀಟಿಸ್ ವರ್ಸಿಕಲರ್. ನೋಡಲು ನಿಜಕ್ಕೂ ಚೆಂದ. ಆದರೆ ಎಲ್ಲ ಚಕ್ಕೆಗಳೂ ಬೆನ್ನು ತೋರಿಸಿಕೊಂಡೇ ಕುಳಿತಿದ್ದವು, ಒಂದೂ ಹೊಟ್ಟೆ ತೋರಿಸುತ್ತಿರಲಿಲ್ಲ. ನನಗೆ ಗುಮಾನಿ ಬಂದದ್ದು ಅಲ್ಲಿಯೇ. ಮರ ಯಾವುದೆಂದು ತಿಳಿಯಬೇಕಾದರೆ ನಾನು ಹಲಗೆಯ ಮುಖ ನೋಡುವುದಿಲ್ಲ, ಅಡ್ಡ ಕೊಯ್ದ ತುದಿಯನ್ನು ಹತ್ತು ಪಟ್ಟಿನ ಮಸೂರದಲ್ಲಿ ನೋಡುತ್ತೇನೆ. ಮುಖಕ್ಕೆ ಬಣ್ಣ ಬಳಿಯಬಹುದು, ತುದಿಗೆ ಸುಳ್ಳು ಹೇಳಲು ಬರುವುದಿಲ್ಲ. ಅಣಬೆಯ ವಿಷಯದಲ್ಲಿ ಆ ತುದಿಯ ಕೆಲಸ ಮಾಡುವುದು ಅಡಿಭಾಗ.

ಕೆಲಸದ ಮೇಜಿನ ಮೇಲೆ ಹಾಳೆ ಹಾಸಿ ಪೂರ್ತಿ ಸುರಿದೆ. ಒಂದೊಂದೇ ಚಕ್ಕೆಯನ್ನು ಮಗುಚಿ ಮಸೂರ ಹಿಡಿದೆ. ನಿಜವಾದ ಟರ್ಕಿ ಟೇಲ್‌ನ ಹೊಟ್ಟೆ ಬಿಳಿ ಅಥವಾ ಕೆನೆಬಣ್ಣ, ಅದರ ತುಂಬ ಸೂಜಿಮೊನೆಗಿಂತ ಸಣ್ಣ ರಂಧ್ರಗಳು. ಒಂದು ಮಿಲಿಮೀಟರಿನೊಳಗೆ ಮೂರಕ್ಕೂ ಹೆಚ್ಚು ಇರುತ್ತವೆ. ಬರಿಗಣ್ಣಿಗೆ ಅದು ಒರಟು ಕಾಗದದಂತೆ ಕಂಡೀತು, ಅಷ್ಟೆ. ಬೆನ್ನನ್ನು ಬೆರಳಿನಿಂದ ಸವರಿದರೆ ಮಖಮಲ್ಲಿನ ನುಣುಪು. ಚಕ್ಕೆ ತೆಳು, ತಾಜಾ ಇದ್ದಾಗ ಚರ್ಮದಂತೆ ಬಾಗುತ್ತದೆ.

ಮೊದಲ ಹತ್ತು ಚಕ್ಕೆಗಳು ಸರಿಯಾಗಿಯೇ ಇದ್ದವು. ಅನುಮಾನಪಟ್ಟೆನಲ್ಲ ಎಂದು ನಾಚಿಕೆಯೂ ಆಯಿತು. ಹನ್ನೊಂದನೆಯದರ ಹೊಟ್ಟೆ ನುಣ್ಣಗೆ, ಕಿತ್ತಳೆ ಬೆರೆತ ಕಂದು, ಒಂದೇ ಒಂದು ರಂಧ್ರವಿಲ್ಲ. ಮಸೂರ ಒರೆಸಿ ಮತ್ತೆ ನೋಡಿದೆ. ಇಲ್ಲವೇ ಇಲ್ಲ. ಅದು ಸ್ಟೀರಿಯಮ್ ಎಂಬ ಬೇರೆಯದೇ ಅಣಬೆ, ಬೆನ್ನಿನ ಪಟ್ಟೆಗಳಲ್ಲಿ ಎಂಥವರನ್ನೂ ಏಮಾರಿಸುತ್ತದೆ. ಆಮೇಲೆ ಒಂದರ ಹಿಂದೆ ಒಂದು ಬಂದವು. ಒಂದರ ಅಂಚು ನೇರಳೆ, ರಂಧ್ರಗಳು ಹರಿದು ಗರಗಸದ ಹಲ್ಲಿನಂತಾಗಿದ್ದವು: ಟ್ರಿಕಾಪ್ಟಮ್. ಇನ್ನೊಂದರ ಬೆನ್ನು ಥೇಟ್ ಟರ್ಕಿ ಟೇಲ್, ಮಗುಚಿದರೆ ಕೆಳಗೆ ಸಾಲುಸಾಲು ಹಾಳೆಗಳು: ಲೆಂಜೈಟಿಸ್. ಕೊನೆಗೆ ತೂಗಿದೆ. ನೂರರಲ್ಲಿ ಅರವತ್ತನಾಲ್ಕು ಗ್ರಾಂ ಅಸಲು, ಮೂವತ್ತು ಗ್ರಾಂ ಪರರದು, ಉಳಿದ ಆರು ಗ್ರಾಂ ತೊಗಟೆ ಮತ್ತು ಪುಡಿ. ಆ ಪರರದ್ದೆಲ್ಲ ವಿಷ ಎಂದು ನಾನು ಹೇಳುತ್ತಿಲ್ಲ. ತೇಗ ಕೇಳಿದವನಿಗೆ ಬೇರೆ ಹಲಗೆ ಕೊಟ್ಟು "ಇದೂ ಮರವೇ" ಎಂದರೆ ಹೇಗೋ ಹಾಗೆ.

ಒಂದು ಮಾತು. ಕುತೂಹಲಕ್ಕೆ ಈ ನಾಲ್ಕು ಬಗೆಯನ್ನೂ ಮೇಲಿನಿಂದ ಚಿತ್ರ ತೆಗೆದು ಮೊಬೈಲಿನ ಗುರುತು ಹಿಡಿಯುವ ಆ್ಯಪ್ ಒಂದಕ್ಕೆ ತೋರಿಸಿದೆ. ನಾಲ್ಕಕ್ಕೂ ಟರ್ಕಿ ಟೇಲ್ ಎಂದೇ ಹೇಳಿತು. ಪೊಟ್ಟಣ ತುಂಬಿದವರೂ ಹೀಗೆಯೇ ಆರಿಸಿರಬಹುದು.

ಅಸಲು ಅರವತ್ತನಾಲ್ಕು ಗ್ರಾಂ ಕೂಡ ಒಂದೇ ದರ್ಜೆಯದಲ್ಲ. ಕೆಲವು ಚಕ್ಕೆಗಳ ಹೊಟ್ಟೆ ಹಳದಿಗಟ್ಟಿ ಬೆನ್ನಿನ ಮೇಲೆ ಪಾಚಿಯ ಹಸಿರು ಹತ್ತಿತ್ತು. ಹಳೆಯ ಅಣಬೆಯ ಲಕ್ಷಣ. ಕೆಲವಕ್ಕೆ ಮೊಳೆ ಚುಚ್ಚಿದಂಥ ಗುಂಡು ತೂತುಗಳು. ಇಂಥ ಅಣಬೆಗಳನ್ನೇ ತಿಂದು ಬದುಕುವ ಪುಟ್ಟ ಜೀರುಂಡೆಗಳ ವಂಶವೇ ಒಂದಿದೆ. ಮೇಲೆ ಥಳಕು, ಒಳಗೆ ಹುಳುಕು ಎಂಬ ಮಾತು ಇಷ್ಟು ಅಕ್ಷರಶಃ ಸಿಕ್ಕಿದ್ದು ನನಗೆ ಇದೇ ಮೊದಲು.

ಇದಕ್ಕಿಂತ ದೊಡ್ಡ ದೂರು ಒಂದಿದೆ. ಯಾವ ಮರದಿಂದ ಕಿತ್ತದ್ದು ಎಂದು ಪೊಟ್ಟಣದ ಮೇಲೆ ಎಲ್ಲಿಯೂ ಇಲ್ಲ. ಪತ್ರ ಬರೆದು ಕೇಳಿದರೆ 'ಕಾಡಿನ ಮರಗಳು' ಎಂದು ಉತ್ತರ ಬಂತು. ಗುರುತು ಹಿಡಿಯುವಾಗ ಮರ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಬರ್ಚ್ ಪಾಲಿಪೋರ್ ಎಂಬ ಅಣಬೆ ಬರ್ಚ್ ಮರ ಬಿಟ್ಟು ಬೇರೆ ಕಡೆ ಕಾಣುವುದೇ ಅಪರೂಪ. ನನ್ನ ಭಯ ಬೇರೆ. ಹುಳು ಹತ್ತದಿರಲಿ ಎಂದು ಕಂಬಗಳಿಗೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ದ್ರಾವಣ ಕುಡಿಸುತ್ತಾರೆ, ರೈಲಿನ ಹಳೆಯ ಸ್ಲೀಪರ್‌ಗಳಿಗೆ ಕ್ರಿಯೋಸೋಟ್. ವರ್ಷಗಳು ಕಳೆದ ಮೇಲೆ ಅಂಥ ಮರದ ಮೇಲೂ ಅಣಬೆ ಏಳುವುದುಂಟು. ಅಣಬೆಗಳು ಭಾರಲೋಹಗಳನ್ನು ಹೀರಿ ಮೈಯಲ್ಲಿ ಇಟ್ಟುಕೊಳ್ಳುತ್ತವೆ. ಹಳೆಯ ಬೇಲಿಯ ಕಂಬ, ಹೆದ್ದಾರಿಯ ಪಕ್ಕದ ಮರ, ಇವುಗಳಿಂದ ಕಿತ್ತದ್ದನ್ನು ಕಾಯಿಲೆಯವರಿಗೆ ಕುದಿಸಿ ಕೊಡುವುದು ಎಂದರೆ ನನಗೆ ಮೈ ಜುಮ್ಮೆನ್ನುತ್ತದೆ.

ಈಗ ಕೈಪಿಡಿ. ಮೊದಲ ಪುಟದಲ್ಲೇ 'ಮರದ ಮೇಲೆ ಬೆಳೆಯುವ ಹಲಗೆಯಣಬೆಗಳಲ್ಲಿ ವಿಷವುಳ್ಳದ್ದು ಒಂದೂ ಇಲ್ಲ, ನೀವೇ ಧೈರ್ಯವಾಗಿ ಆಯ್ದುಕೊಳ್ಳಬಹುದು' ಎಂದಿದೆ. ನೆಲದ ಅಣಬೆಗೆ ಹೋಲಿಸಿದರೆ ಇವುಗಳಲ್ಲಿ ವಿಷದವು ಕಡಿಮೆ, ಅದು ನಿಜ. ಒಂದೂ ಇಲ್ಲ ಎಂಬುದು ಸುಳ್ಳು. ಹಪಲೋಪಿಲಸ್ ಎಂಬುದೊಂದಿದೆ: ಸಣ್ಣದು, ಮೇಲೆ ಕೆಳಗೆ ಒಳಗೆ ಎಲ್ಲ ಕಡೆ ದಾಲ್ಚಿನ್ನಿ ಬಣ್ಣ. ಅದರಲ್ಲಿರುವ ಪಾಲಿಪೋರಿಕ್ ಆಮ್ಲ ಮೂತ್ರಪಿಂಡಕ್ಕೂ ನರಗಳಿಗೂ ಪೆಟ್ಟು ಕೊಡುತ್ತದೆ, ತಿಂದವರ ಮೂತ್ರ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಗುರುತು ಹಿಡಿಯುವುದು ಸುಲಭ. ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಒಂದು ಹನಿ ಬಿಟ್ಟರೆ ಅಣಬೆಯೂ ಕೂಡಲೇ ನೇರಳೆಯಾಗುತ್ತದೆ. ಈ ಎರಡು ಸಾಲು ಕೈಪಿಡಿಯಲ್ಲಿ ಇರಬೇಕಿತ್ತು. ಅದರ ಬದಲು ಐಸ್‌ಮನ್‌ನ ಕಥೆ ಇದೆ. 1991ರಲ್ಲಿ ಆಲ್ಪ್ಸ್ ಪರ್ವತದ ಮಂಜಿನಲ್ಲಿ ಸಿಕ್ಕಿದ, ಸುಮಾರು 5,300 ವರ್ಷ ಹಿಂದಿನ ಆ ಮನುಷ್ಯನ ಬಳಿ ಟರ್ಕಿ ಟೇಲ್ ಇತ್ತಂತೆ. ಅವನ ಬಳಿ ಇದ್ದದ್ದು ಚರ್ಮದ ಪಟ್ಟಿಗೆ ಪೋಣಿಸಿದ ಬರ್ಚ್ ಪಾಲಿಪೋರ್‌ನ ಎರಡು ತುಂಡುಗಳು, ಜೊತೆಗೆ ಕಿಡಿ ಹಿಡಿಯಲು ಬಳಸುವ ಫೋಮೀಸ್ ಎಂಬ ಇನ್ನೊಂದು ಅಣಬೆ. ಸತ್ತು ಐದು ಸಾವಿರ ವರ್ಷವಾದವನ ಜೋಳಿಗೆಗೂ ತಮ್ಮ ಸರಕು ತುಂಬಿಬಿಟ್ಟರಲ್ಲ!

ಕೊನೆಯ ಪುಟದಲ್ಲಿ ಚಾಗಾ ಎಂಬ ಇನ್ನೊಂದು ಮರದಣಬೆಯ ಜಾಹೀರಾತು: 'ದಿನಕ್ಕೆ ಎಷ್ಟು ಬಾರಿಯಾದರೂ ಕುಡಿಯಿರಿ.' ಚಾಗಾದಲ್ಲಿ ಆಕ್ಸಲೇಟ್ ಹೆಚ್ಚು, ಅದು ಮೂತ್ರಪಿಂಡದಲ್ಲಿ ಹರಳುಗಟ್ಟುವ ವಸ್ತು. ಜಪಾನಿನ 72 ವರ್ಷದ ಮಹಿಳೆಯೊಬ್ಬರು ಆರು ತಿಂಗಳು ದಿನಕ್ಕೆ ನಾಲ್ಕೈದು ಚಮಚ ಚಾಗಾ ಪುಡಿ ತೆಗೆದುಕೊಂಡು ಮೂತ್ರಪಿಂಡ ಕೆಡಿಸಿಕೊಂಡ ಪ್ರಕರಣ 2014ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಈ ಪುಟವನ್ನು ಅಕ್ಕ ಓದುವ ಮೊದಲೇ ಹರಿದು ಹಾಕಿದೆ.

ಗುಳಿಗೆಯ ಬಾಟಲಿ ಮಾತ್ರ ಗಟ್ಟಿಮುಟ್ಟು. ದಪ್ಪ ಕಂದು ಗಾಜು, ಒಳಗೆ ರಬ್ಬರು ಪಟ್ಟಿಯ ಮುಚ್ಚಳ. ಚೀಟಿಯ ಮೇಲೆ ರೀಶಿ, ಗ್ಯಾನೊಡರ್ಮ ಲೂಸಿಡಮ್. ಲೂಸಿಡಮ್ ಎಂದರೆ ಹೊಳೆಯುವುದು. ಇಡಿಯಾದ ರೀಶಿಯನ್ನು ನಾನು ಕಂಡಿದ್ದೇನೆ. ನಾಲ್ಕು ಕೈ ಪಾಲಿಶ್ ಹೊಡೆದು ಒಣಗಿಸಿದಂತೆ ಕೆಂಪಗೆ ಮಿಂಚುತ್ತದೆ, ನನ್ನ ಕೈಯಿಂದ ಅಂಥ ಹೊಳಪು ಒಮ್ಮೆಯೂ ಬಂದಿಲ್ಲ. ಅದರ ಹೊಳಪಿಲ್ಲದ ದಾಯಾದಿಯೊಂದಿದೆ, ಗ್ಯಾನೊಡರ್ಮ ಅಪ್ಲನೇಟಮ್. ಅದರ ಬಿಳಿ ಹೊಟ್ಟೆಯ ಮೇಲೆ ಗೀರಿದರೆ ಗೆರೆ ಕಂದು ಬಣ್ಣಕ್ಕೆ ತಿರುಗಿ ಹಾಗೆಯೇ ಉಳಿಯುತ್ತದೆ. ಕೆಲಸ ಕಲಿಯುವಾಗ ಒಂದು ಬಾಗಿಲಿನ ಅಳತೆಯನ್ನು ಅದರ ಮೇಲೆ ಮೊಳೆಯಿಂದ ಬರೆದಿಟ್ಟಿದ್ದೆ. ಬಾಗಿಲು ಕೊಟ್ಟು ಎಷ್ಟೋ ವರ್ಷವಾದರೂ ಅಳತೆ ಅಳಿಸಿರಲಿಲ್ಲ.

ಪುಡಿ ಮಾಡಿದ ಮೇಲೆ ಹೊಳಪೂ ಇಲ್ಲ, ಹೊಟ್ಟೆಯೂ ಇಲ್ಲ. ಹಾಗಾಗಿ ನಾಲಿಗೆಗೆ ಹಾಕಿದೆ. ರೀಶಿ ಕಹಿ, ಅದರ ಟ್ರೈಟರ್ಪೀನುಗಳು ಬಾಯಲ್ಲಿ ಬಹಳ ಹೊತ್ತು ನಿಲ್ಲುತ್ತವೆ. ಗುಳಿಗೆಯೊಳಗಿನ ಪುಡಿ ಸಪ್ಪೆ, ಕೊನೆಗೆ ತುಸು ಸಿಹಿ. ಒಂದು ಗುಳಿಗೆ ಬಿಚ್ಚಿ ನೀರಿನಲ್ಲಿ ಕುದಿಸಿ, ಆರಿಸಿ, ಗಾಯಕ್ಕೆ ಹಚ್ಚುವ ಅಯೋಡಿನ್ ಎರಡು ಹನಿ ಬಿಟ್ಟೆ. ಶಾಯಿ ಕದಡಿದಂತೆ ಕಡುನೀಲಿ. ಹೋಲಿಕೆಗೆ ಅಸಲು ಟರ್ಕಿ ಟೇಲ್ ಕುದಿಸಿದ ನೀರಿಗೂ ಬಿಟ್ಟೆ, ಅದು ಅಯೋಡಿನ್ನಿನ ಕಂದು ಬಣ್ಣದಲ್ಲೇ ಉಳಿಯಿತು. ಅಯೋಡಿನ್ ತಗುಲಿ ಕಡುನೀಲಿಯಾಗುವುದು ಪಿಷ್ಟ. ಅಣಬೆ ತನ್ನ ಮೈಯಲ್ಲಿ ಕೂಡಿಡುವುದು ಗ್ಲೈಕೋಜನ್, ಪಿಷ್ಟವಲ್ಲ. ಕಡುನೀಲಿ ಬಂತೆಂದರೆ ಅಲ್ಲಿ ಧಾನ್ಯ ಸೇರಿದೆ. ಒಂದೋ ಹಿಟ್ಟು ಬೆರೆಸಿರಬೇಕು, ಇಲ್ಲವೇ ಧಾನ್ಯದ ಮೇಲೆ ಅಣಬೆಯ ಬಿಳಿ ನೂಲಿನ ಜಾಲ ಬೆಳೆಸಿ ಕಾಳು ಸಮೇತ ಬೀಸಿರಬೇಕು. ಎರಡನೆಯದು ಈ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿರುವ ದಾರಿ. ಚೀಟಿಯ ಮೇಲೆ 'ಪಾಲಿಸ್ಯಾಕರೈಡ್ ಶೇಕಡಾ 40' ಎಂದು ಹೆಮ್ಮೆಯಿಂದ ಬರೆದಿದೆ. ಪಾಲಿಸ್ಯಾಕರೈಡ್ ಎಂದರೆ ಸಕ್ಕರೆಯ ಕಣಗಳ ಉದ್ದ ಸರಪಳಿ, ಪಿಷ್ಟವೂ ಪಾಲಿಸ್ಯಾಕರೈಡೇ! ಕೇಳಬೇಕಾದ ಅಂಕಿ ಅಣಬೆಯ ಕೋಶಗೋಡೆಯಲ್ಲಿರುವ ಬೀಟಾ ಗ್ಲೂಕಾನ್‌ನದು, ಅದನ್ನು ಬರೆದಿಲ್ಲ. ಇದು ನನ್ನೊಬ್ಬನ ದುರದೃಷ್ಟವೂ ಅಲ್ಲ. ಅಮೆರಿಕದಲ್ಲಿ ಕೊಂಡ 19 ರೀಶಿ ಉತ್ಪನ್ನಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚೀಟಿಗೆ ತಕ್ಕಂತೆ ಇದ್ದದ್ದು ಐದೇ.

ಬಳಕೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಆರಿಸಿದ ಚಕ್ಕೆಗಳನ್ನು ಕತ್ತರಿಸಿ, ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಕುದಿಸಿ, ಮೊದಲು ನಾನೇ ನಾಲ್ಕು ದಿನ ಕುಡಿದೆ. ಇದರ ಕೋಶಗಳ ಗೋಡೆ ಕೈಟಿನ್‌ನದು, ಏಡಿಯ ಚಿಪ್ಪಿನಲ್ಲಿರುವುದೂ ಅದೇ. ಹಸಿಯಾಗಿ ಅಗಿದರೆ ಹೊಟ್ಟೆಗೆ ದಕ್ಕುವುದು ಅಷ್ಟಕ್ಕಷ್ಟೇ, ಬಿಸಿನೀರೇ ಬೇಕು. ನೀರು ತಿಳಿಕಂದು ಬಣ್ಣಕ್ಕೆ ಬಂತು, ಮಳೆ ನಿಂತ ಮೇಲಿನ ತರಗೆಲೆಯ ವಾಸನೆ, ರುಚಿ ಇದೆ ಎಂದು ಹೇಳಲಾರೆ. ಚಕ್ಕೆಗಳು ಕೊನೆಯವರೆಗೂ ಚರ್ಮದಂತೆಯೇ ಇದ್ದವು. ನನಗೆ ಒಳ್ಳೆಯದೂ ಆಗಲಿಲ್ಲ, ಕೆಟ್ಟದ್ದೂ ಆಗಲಿಲ್ಲ.

ಐದನೆಯ ದಿನ ಅಕ್ಕನ ಜೊತೆ ವೈದ್ಯರ ಬಳಿ ಹೋದಾಗ ಪೊಟ್ಟಣವನ್ನೂ ಬಾಟಲಿಯನ್ನೂ ಅವರ ಮೇಜಿನ ಮೇಲಿಟ್ಟೆ. ಅವರು ನಗಲೂ ಇಲ್ಲ, ಗದರಲೂ ಇಲ್ಲ. ಟರ್ಕಿ ಟೇಲ್‌ನಿಂದ ತೆಗೆದ ಪಿಎಸ್‌ಕೆ ಎಂಬ ಶುದ್ಧೀಕರಿಸಿದ ಸತ್ವವನ್ನು ಜಪಾನ್ 1977ರಲ್ಲೇ ಔಷಧವೆಂದು ಒಪ್ಪಿತ್ತು, ಅದನ್ನು ಕೊಡುತ್ತಿದ್ದದ್ದು ಚಿಕಿತ್ಸೆಯ ಜೊತೆಗೆ, ಚಿಕಿತ್ಸೆಯ ಬದಲಿಗೆ ಅಲ್ಲ ಎಂದರು. ರೀಶಿಯ ಬಗ್ಗೆ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಗೆ ಸಿಕ್ಕಿದ್ದು ಐದು ಪ್ರಯೋಗಗಳು, 373 ರೋಗಿಗಳು. ಅದನ್ನೇ ಮೊದಲ ಚಿಕಿತ್ಸೆಯಾಗಿ ನೆಚ್ಚಿಕೊಳ್ಳಲು ಆಧಾರ ಸಾಲದು ಎಂದೂ ಹೇಳಿದರು. ಆಮೇಲೆ ಅಕ್ಕನ ಮಾತ್ರೆಗಳ ಪಟ್ಟಿ ನೋಡಿ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಯ ಹೆಸರಿನ ಮೇಲೆ ಬೆರಳಿಟ್ಟು, "ಇದು ಇರುವವರೆಗೆ ರೀಶಿ ಬೇಡವೇ ಬೇಡ. ಇನ್ನೊಂದೂ ಸದ್ಯಕ್ಕೆ ಬೇಡ" ಎಂದರು.

ಹೊರಗೆ ಬಂದ ಮೇಲೆ ಅಕ್ಕ, "ಅಷ್ಟು ದಿನ ಮಸೂರ ಹಿಡಿದುಕೊಂಡು ಕುಳಿತಿದ್ದೆಯಲ್ಲ, ಮೊದಲೇ ಇವರನ್ನು ಕೇಳಬಾರದಿತ್ತೆ?" ಎಂದಳು. ಅವಳು ಹೇಳಿದ್ದು ಸರಿ. ಕೇಳುವ ಕ್ರಮವನ್ನೇ ನಾನು ತಲೆಕೆಳಗು ಮಾಡಿದ್ದೆ.

ಮಾರಿದವರಿಗೆ ಚಕ್ಕೆಗಳ ಹೊಟ್ಟೆಯ ಚಿತ್ರಗಳನ್ನೂ ಅಯೋಡಿನ್ ಬಟ್ಟಲುಗಳ ಚಿತ್ರವನ್ನೂ ಕಳುಹಿಸಿದೆ. ಪೊಟ್ಟಣದ ಹಣವನ್ನು ಮೂರೇ ದಿನಕ್ಕೆ ಹಿಂದಿರುಗಿಸಿದರು, ಕ್ಷಮೆಯನ್ನೂ ಕೇಳಿದರು. ಬಾಟಲಿಯ ಬಗ್ಗೆ ಈವರೆಗೆ ಒಂದಕ್ಷರ ಇಲ್ಲ. ಪೊಟ್ಟಣಕ್ಕೆ ಐದರಲ್ಲಿ ಎರಡು ಅಂಕ. ಇಡಿಯಾಗಿ ಮಾರಿದ್ದರಿಂದಲೇ ಅಲ್ಲವೇ ತಪ್ಪು ಸಿಕ್ಕಿದ್ದು, ಅದಕ್ಕೊಂದು. ಹಣ ಕೊಟ್ಟದ್ದಕ್ಕೆ ಇನ್ನೊಂದು. ಕೈಪಿಡಿಗೆ ಸೊನ್ನೆ. ಗುಳಿಗೆಗೂ ಸೊನ್ನೆ.

ಪುಡಿಯನ್ನು ಚೆಲ್ಲಿ ಬಾಟಲಿಯನ್ನು ತೊಳೆದು ಒಂದಂಗುಲದ ಮೊಳೆಗಳನ್ನು ತುಂಬಿಟ್ಟಿದ್ದೇನೆ. ಮುಚ್ಚಳ ಬಹಳ ಬಿಗಿ, ಮಳೆಗಾಲ ಮುಗಿದರೂ ಒಂದು ಮೊಳೆಗೂ ತುಕ್ಕು ಹಿಡಿದಿಲ್ಲ.